ಮರುಭೂಮಿಯ ಬೀಳುನೆಲ

ಮರುಭೂಮಿಯೆಂದೊಡನೆ ಮರಳಿನ ದಿಬ್ಬಗಳೂ ಒಂಟೆಗಳ ಸಾಲೂ ಮಾತ್ರವೇ ಜನರ ಕಣ್ಣಮುಂದೆ ನಿಲ್ಲುವುವು. ಸುಮಾರು 92 ಲಕ್ಷ ಚದರ ಕಿಲೋಮೀಟರ್ ವಿಸ್ತಾರವುಳ್ಳ ಸಹಾರದಲ್ಲಿಯೂ ಮರಳಿನ ಪಾಲು ಕಾಲುಭಾಗದಷ್ಟೆ. ಉಳಿದುದು ಬಂಡೆ, ಗರಸು, ಗಟ್ಟಿನೆಲ. ವರ್ಷಕ್ಕೆ 10 ಅಂಗುಲಕ್ಕಿಂತ ಕಡಮೆ ಮಳೆ ಬೀಳುವ ಪ್ರದೇಶವನ್ನು ಮರುಭೂಮಿಯೆಂದು ಎಣಿಸುವುದು ವಾಡಿಕೆ. ಅಂತಹ ಕಡೆ ಜೀವಿಗಳು ಬದುಕುವ ಬಗೆಯನ್ನು ಪರಿಶೀಲಿಸಿದರೆ, ನಾವು ದಫ್ತರದಲ್ಲಿ ಖರಾಬು ಎಂದು ಬರೆಯಿಸಿ ಮರೆತುಬಿಡುವ ನೆಲದ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುವುದೆಂದು ನನ್ನ ನಂಬಿಕೆ.

ಆಫ್ರಿಕದ ನೈಋತ್ಯ ತೀರದ ನಮೀಬ್ ಮರುಭೂಮಿಯಲ್ಲಿ ಒಂದು ಬಗೆಯ ಕರಿಯ ಜೀರುಂಡೆಯುಂಟು. ಸಮುದ್ರದ ಕಡೆಯಿಂದ ಮಂಜು ಬರುವ ಮುಂಜಾನೆ ಅದು ದಿಬ್ಬದ ನೆತ್ತಿಗೇರಿ ತಲೆಯನ್ನು ತಗ್ಗಿಸಿ ನಿಲ್ಲುವುದು. ಬೆನ್ನಿನ ಮೇಲೆ ಕಟ್ಟಿದ ಹನಿಯು ಜಾರಿ ಬಾಯಿಗೆ ಇಳಿಯುವುದು. ಅಲ್ಲಿಯೇ ಬೆಳೆಯುವ ವೆಲ್ವಿಚಿಯ ಎಂಬ ಗಿಡವು ಎರಡೇ ಎಲೆಗಳಿಂದ ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳುವುದು. ಇವು ಆಶ್ಚರ್ಯಕರವೇ ಸರಿ. ಆದರೆ ಬೇಸಾಯಗಾರನು ಮರುಭೂಮಿಯಲ್ಲಿ ನೋಡತಕ್ಕದ್ದು ಬೇರೆ ಇದೆ.

ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ ವರ್ಷದ ಮಳೆ 8 ಅಂಗುಲದ ಆಸುಪಾಸು. ಆದರೂ ಅಲ್ಲಿ ಬಾವಿಯಾಗಲಿ ನಾಲೆಯಾಗಲಿ ಇಲ್ಲದೆ ಗೋಧಿಯನ್ನೂ ಕಡಲೆಯನ್ನೂ ಬೆಳೆಯುವ ಹೊಲಗಳಿವೆ. ಅವುಗಳಿಗೆ ಖಡೀನ್ ಎಂದು ಹೆಸರು. 15ನೆಯ ಶತಮಾನದಲ್ಲಿ ಪಾಲಿವಾಲ ಬ್ರಾಹ್ಮಣರು ಇವನ್ನು ಕಟ್ಟಿದರೆಂದು ಪ್ರತೀತಿ. ಕಲ್ಲುಗುಡ್ಡಗಳ ಕೆಳಗಣ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ. ಹೆಚ್ಚಿನ ನೀರು ಹೊರಹೋಗಲು ಕೋಡಿ. ಮಳೆಗಾಲದ ಕೆಲವೇ ಬಿರುಮಳೆಗಳಿಗೆ ಗುಡ್ಡದಿಂದ ಹರಿದ ನೀರು ಗೋಡುಮಣ್ಣಿನೊಡನೆ ಬಂದು ಏರಿಯ ಹಿಂದೆ ನಿಂತು ಇಂಗುವುದು. ಕಾರ್ತಿಕದ ಹೊತ್ತಿಗೆ ಮಿಕ್ಕ ನೀರನ್ನು ತೂಬಿನಿಂದ ಬಿಟ್ಟು ಬಿತ್ತುವರು. ಆಮೇಲೆ ಹನಿ ನೀರು ಹಾಯಿಸದಿದ್ದರೂ ನೆಲದ ಹಸಿಯಿಂದಲೇ ಬೆಳೆ ಕೈಸೇರುವುದು.

ಈ ಏರಿಯನ್ನು ಹೊಗಳುವವರು ಬಹುಮಂದಿ. ಗುಡ್ಡವನ್ನು ನೆನೆಯುವವರು ಕಡಮೆ. ಒಂದು ಎಕರೆ ಹೊಲಕ್ಕೆ ಹತ್ತು ಹದಿನೈದು ಎಕರೆ ಕಲ್ಲುನೆಲದ ಹರಿನೀರು ಬೇಕು. ಆ ಕಲ್ಲುನೆಲವನ್ನು ಯಾರಾದರೂ ಒಡೆದು ಉತ್ತರೆ ನೀರು ಅಲ್ಲಿಯೇ ಹೀರಿಹೋಗಿ ಕೆಳಗಣ ಹೊಲ ಒಣಗುವುದು. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಮೈಕೇಲ್ ಎವೆನಾರಿ ಎಂಬ ಸಸ್ಯಶಾಸ್ತ್ರಜ್ಞರು 1950ರ ದಶಕದ ಕೊನೆಯಲ್ಲಿ ಪ್ರಾಚೀನ ಹೊಲಗಳನ್ನು ಜೀರ್ಣೋದ್ಧಾರ ಮಾಡಿ, 4 ಅಂಗುಲದಷ್ಟು ಮಳೆಯಲ್ಲಿಯೇ ಬಾದಾಮಿ ಮೊದಲಾದ ಫಲವೃಕ್ಷಗಳನ್ನು ಬೆಳೆಯಿಸಿದರು. ಅಲ್ಲಿ ಎಕರೆಗೆ ಸುಮಾರು 20 ಎಕರೆ ಮೇಲ್ನೆಲ ಬೇಕಾಯಿತು. ಅಲ್ಲಿಯ ಮಣ್ಣು ನೆನೆದೊಡನೆ ಮೇಲೆ ತೆಳುವಾದ ಹೆಪ್ಪು ಕಟ್ಟಿ ನೀರನ್ನು ಜಾರಿಸಿಬಿಡುವುದು. ನೇಗಿಲು ತಾಗಿದರೆ ಆ ಹೆಪ್ಪು ಒಡೆಯಿತು, ಲೆಕ್ಕವೂ ಕೆಟ್ಟಿತು.

ಥಾರಿನ ಹಳ್ಳಿಗರು ಇದನ್ನು ಬಲ್ಲರು. ಓರಣ್ ಎಂಬ ದೇವರ ಕಾವಲುಗಳಲ್ಲಿ ಮರ ಕಡಿಯುವುದಿಲ್ಲ, ದನಕುರಿಗಳು ಮೇಯಬಹುದು. ಅಲ್ಲಿ ಖೇಜ್ರಿಯೆನಿಸಿಕೊಳ್ಳುವ ಮರವೇ ನಾವು ವಿಜಯದಶಮಿಯಂದು ಪೂಜಿಸುವ ಬನ್ನಿ. ಇದರ ಬೇರು ಬಹು ಆಳಕ್ಕೆ ಇಳಿಯುವುದು, ಎಲೆ ಮೇವಾಗುವುದು, ಎಳೆಗಾಯಿ ಪಲ್ಯಕ್ಕಾಗುವುದು. ಬುಡದ ಸುತ್ತ ಸಜ್ಜೆ ಸೊಂಪಾಗಿರುವುದು. 1730ರಲ್ಲಿ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಅಪ್ಪಿಕೊಂಡು 363 ಮಂದಿ ಬಿಷ್ಣೋಯಿಗಳು ಪ್ರಾಣಕೊಟ್ಟರೆಂದು ಪ್ರಸಿದ್ಧವಾಗಿದೆ. ಈಗ ಟ್ರಾಕ್ಟರಿನ ಉಳುಮೆಯಲ್ಲಿ ಇದರ ಸಸಿಗಳು ಬುಡಸಹಿತ ಹೋಗುತ್ತಿವೆ. ಸೌರವಿದ್ಯುತ್ತಿಗಾಗಿ ಮರಗಳನ್ನು ಕಡಿಯುವುದರ ವಿರುದ್ಧ ಈಚಿನ ವರ್ಷಗಳಲ್ಲಿ ಬಿಕಾನೇರ್ ಕಡೆಯ ಜನರು ಧರಣಿ ಕುಳಿತುದೂ ಉಂಟು. ವಿದ್ಯುತ್ತು ಬೇಡವೆಂದು ನಾನು ಹೇಳಲಾರೆ. ಆದರೆ ಅಂತಹ ನೆಲವನ್ನು ಬರಿದೆಂದು ಭಾವಿಸಿ ಬೆಲೆ ಕಟ್ಟುವುದು ತಪ್ಪು ಲೆಕ್ಕ.

ನಮ್ಮದು ಮರುಭೂಮಿಯಲ್ಲವೆಂದು ಗ್ರಾಮಪ್ರಮುಖರು ಆಕ್ಷೇಪಿಸಬಹುದು. ನಿಜ, ಚಳ್ಳಕೆರೆಗೆ ಕೂಡ ಜೈಸಲ್ಮೇರಿನ ಸುಮಾರು ಇಮ್ಮಡಿ ಮಳೆಯುಂಟು. ಅಷ್ಟು ಮಳೆಯಿದ್ದೂ ಕೆರೆಗಳು ತುಂಬದಿರುವ ಊರಿನಲ್ಲಿ ಹೂಳನ್ನು ಮಾತ್ರ ದೂರಿದರೆ ಸಾಲದು. ಮೇಲಣ ಗೋಮಾಳವೂ ಹಳ್ಳದ ದಂಡೆಯೂ ಯಾರ ಸಾಗುವಳಿಯಲ್ಲಿವೆಯೆಂದು ಕೇಳಬೇಕು. ಮೇಲ್ನೆಲದ ತುಂಡೊಂದನ್ನು ಯಾರಾದರೂ ಮಂಜೂರಿಗೆ ಕೋರಿದಾಗ, ಪ್ರಮುಖರು ಮಳೆ ಬೀಳುವ ದಿನ ಸ್ವತಃ ಅಲ್ಲಿಗೆ ಹೋಗಿ, ನೀರು ಯಾವ ಕೆರೆಗೆ, ಯಾರ ಬಾವಿಯ ಕಡೆಗೆ ಇಳಿಯುವುದೆಂದು ಗುರುತು ಮಾಡಿಕೊಂಡು, ಅನಂತರವೇ ತಮ್ಮ ಅಭಿಪ್ರಾಯವನ್ನು ತಿಳಿಸತಕ್ಕದ್ದು.