ಒಬ್ಬನೇ ಹಾಡುವವನ ದುಡಿಮೆಗೆ ಸಾಕ್ಷಿ ಯಾರು?

‘ಗಿಗ್’ ಎಂಬ ಪದವನ್ನು ನಾವಿಂದು ಮನೆಬಾಗಿಲಿಗೆ ಊಟ ತಲುಪಿಸುವವರಿಗೂ ಆ್ಯಪ್ ನಂಬಿ ಟ್ಯಾಕ್ಸಿ ಓಡಿಸುವವರಿಗೂ ಅನ್ವಯಿಸುತ್ತಿದ್ದೇವೆ. ಆದರೆ ಈ ಅರ್ಥದಲ್ಲಿ ಆ ಪದವನ್ನು ಮೊದಲು ರೂಢಿಗೆ ತಂದವರು ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದ ಜಾಸ್ ವಾದಕರು. ಒಂದು ರಾತ್ರಿಯ ಕಛೇರಿ, ಆ ರಾತ್ರಿಯ ಸಂಭಾವನೆ, ಮರುದಿನದ ಬಗ್ಗೆ ಯಾವ ಖಾತರಿಯೂ ಇಲ್ಲದ ಬದುಕು. ಕರ್ನಾಟಕ ಸರ್ಕಾರ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ರೂಪಿಸಿದ್ದು ಸ್ವಾಗತಾರ್ಹ. ಆದರೆ ಅದು ಆನ್‌ಲೈನ್ ಕಂಪನಿಗಳ ಮೂಲಕ ಕೆಲಸ ಪಡೆಯುವವರಿಗೆ ಸೀಮಿತ. ಪ್ಲಾಟ್‌ಫಾರ್ಮ್ ಎಂದರೆ ಕನ್ನಡದಲ್ಲಿ ವೇದಿಕೆ. ನಿಜವಾದ ವೇದಿಕೆಯ ಮೇಲೆ ನಿಂತು ದುಡಿಯುವವನು ಈ ವೇದಿಕೆಯ ಕಾನೂನಿನಿಂದ ಹೊರಗುಳಿದಿದ್ದಾನೆ.

ಕೀಬೋರ್ಡು, ಮೈಕು, ಎರಡು ಸ್ಪೀಕರು ಹೊತ್ತು ಊರಿಂದೂರಿಗೆ ಹೋಗಿ ಒಬ್ಬನೇ ಹಾಡುವ ಗಾಯಕರಲ್ಲಿ ನಾನೂ ಒಬ್ಬ. ಹಿಂದೆ ಇದೇ ಕೆಲಸವನ್ನು ಎಂಟು ಹತ್ತು ಮಂದಿಯ ವಾದ್ಯಗೋಷ್ಠಿ ಮಾಡುತ್ತಿತ್ತು. ಮೊದಲು ಕೀಬೋರ್ಡಿನ ಸಿದ್ಧ ತಾಳಗಳು ಡೋಲಕ್ ನುಡಿಸುವವನ ಜಾಗ ಹಿಡಿದವು. ಬಳಿಕ ಲ್ಯಾಪ್‌ಟಾಪಿನ ಟ್ರ್ಯಾಕ್‌ಗಳು ಉಳಿದವರನ್ನೂ ಮನೆಗೆ ಕಳುಹಿಸಿದವು. ಖರ್ಚು ತಗ್ಗಿತೆಂದು ಕರೆಸುವವರಿಗೆ ಸಮಾಧಾನವಾಯಿತು. ಹೊರೆಯೆಲ್ಲ ಉಳಿದ ಒಬ್ಬನ ಹೆಗಲಿಗೆ ಬಿತ್ತು.

ಒಬ್ಬನೇ ಹಾಡಿ ಜನರನ್ನು ಹಿಡಿದಿಡುವುದು ನಮ್ಮ ನಾಡಿಗೆ ಹೊಸದಲ್ಲ. ಏಕತಾರಿ ಮೀಟುತ್ತಾ ಊರೂರು ತಿರುಗಿದ ತತ್ವಪದಕಾರರನ್ನು ನಾವು ಬಲ್ಲೆವು. ಆದರೆ ಅವರ ಮುಂದೆ ಕೂರುತ್ತಿದ್ದವರು ಒಂದೇ ಭಾವದಲ್ಲಿ ಬೆಸೆದುಕೊಂಡವರು. ಇಂದಿನ ಗಾಯಕನಿಗೆ ವಾರಕ್ಕೆ ನಾಲ್ಕು ಬಗೆಯ ಸಭೆ. ಮದುವೆಯ ಆರತಕ್ಷತೆಯಲ್ಲಿ ಜನ ಫೋಟೊಕ್ಕೂ ಊಟಕ್ಕೂ ಸಾಲುಗಟ್ಟಿರುತ್ತಾರೆ. ಅಲ್ಲಿ ಅವರ ಮಾತುಕತೆಗೆ ಅಡ್ಡಿಯಾಗದಂತೆ ಹಾಡಬೇಕು. ಗಣೇಶನ ಪೆಂಡಾಲಿನಲ್ಲಿ ಕುಣಿಸದಿದ್ದರೆ ಹುಡುಗರು ಬಿಡುವುದಿಲ್ಲ. ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಕನ್ನಡ ಬಾರದವರಿಗೂ ತಲೆದೂಗುವಂತಹ ಕನ್ನಡ ಹಾಡನ್ನು ಆರಿಸಬೇಕು. ವೃದ್ಧಾಶ್ರಮದಲ್ಲಿ ಹಿರಿಯರೂ ದನಿಗೂಡಿಸಲೆಂದು ಶ್ರುತಿಯನ್ನು ಇಳಿಸಿಕೊಳ್ಳಬೇಕು. ಹಾಡುತ್ತಿರುವಾಗಲೇ ಬರುವ ಕೋರಿಕೆಯ ಚೀಟಿಗಳಲ್ಲಿ ಯಾವುದನ್ನು ಈಗ ಹಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂಬುದು ವರ್ಷಗಳ ಅನುಭವದಿಂದಷ್ಟೇ ಬರುವ ವಿದ್ಯೆ.

ಈ ವಿದ್ಯೆಗೆ ತಕ್ಕ ಭದ್ರತೆ ಮಾತ್ರ ಇಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಗಳು ನಿಲ್ಲುತ್ತವೆ, ಆದಾಯವೂ ನಿಲ್ಲುತ್ತದೆ. ತಂಡವಿದ್ದಾಗ ಒಬ್ಬನ ಗಂಟಲು ಕಟ್ಟಿದರೆ ಇನ್ನೊಬ್ಬ ಹಾಡುತ್ತಿದ್ದ. ಈಗ ಗಂಟಲು ಕಟ್ಟಿದ ದಿನ ಸಂಪಾದನೆಯೂ ಇಲ್ಲ, ಕೊಟ್ಟ ಮಾತಿಗೂ ಭಂಗ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ‘ಇನ್ನೊಂದೇ ಒಂದು ಹಾಡು’ ಎಂದು ಒತ್ತಾಯಿಸಿದವರು ಪೊಲೀಸರು ಬಂದಾಗ ಕಾಣಿಸುವುದಿಲ್ಲ; ಉತ್ತರಿಸಬೇಕಾದವನು ಮೈಕು ಹಿಡಿದವನು. ಒಪ್ಪಂದವೆಲ್ಲ ಫೋನಿನಲ್ಲಿ, ಬಾಯಿಮಾತಿನಲ್ಲಿ. ಮಳೆಯಿಂದ ಜನ ಸೇರಲಿಲ್ಲವೆಂಬ ಕಾರಣಕ್ಕೆ ಅರ್ಧ ಸಂಭಾವನೆ ಪಡೆದು ಮರಳಿದ ರಾತ್ರಿಗಳು ನನ್ನವೂ ಇವೆ.

ಈ ದಾಖಲೆಯಿಲ್ಲದ ಬದುಕಿನ ನಿಜವಾದ ಬೆಲೆ ತಿಳಿದದ್ದು 2020ರ ಲಾಕ್‌ಡೌನ್‌ನಲ್ಲಿ. 2021ರ ಎರಡನೇ ಅಲೆಯಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿಗಳ ನೆರವು ಪ್ರಕಟಿಸಿತು. ಮೊತ್ತ ಸಣ್ಣದೆಂಬುದು ಬೇರೆ ಮಾತು. ನಾನು ಕಲಾವಿದನೆಂದು, ಇದೇ ನನ್ನ ಜೀವನೋಪಾಯವೆಂದು ತೋರಿಸಲು ಮದುವೆ ಮನೆಯ ಗಾಯಕನ ಬಳಿ ಏನಿದೆ? ತಂಡಗಳಿಗೆ, ಸಂಘಗಳಿಗೆ ನೋಂದಣಿ ಇರುತ್ತದೆ, ಪದಾಧಿಕಾರಿಗಳಿರುತ್ತಾರೆ. ಒಬ್ಬನೇ ಹಾಡುವವನಿಗೆ ಚಪ್ಪಾಳೆಯೊಂದೇ ಸಾಕ್ಷಿ. ಅದನ್ನು ಅರ್ಜಿಗೆ ಲಗತ್ತಿಸಲಾಗದು.

2024ರ ಜುಲೈನಲ್ಲಿ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಮಸೂದೆಯನ್ನು ಅಂಗೀಕರಿಸಿತು. ಸಿನಿಮಾ ಟಿಕೆಟ್, ಚಂದಾ ಶುಲ್ಕ ಮೊದಲಾದವುಗಳ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಿ ಕಲ್ಯಾಣ ನಿಧಿ ಕಟ್ಟುವುದು ಅದರ ಉದ್ದೇಶ. ಅದರ ವ್ಯಾಖ್ಯೆಯಲ್ಲಿ ಸಂಗೀತಗಾರನ ಹೆಸರೂ ಇದೆ. ಬಾಗಿಲು ತೆರೆದಿದೆ, ನಿಜ. ಆದರೆ ನಿರ್ಮಾಪಕನಿಲ್ಲದ, ಒಕ್ಕೂಟವಿಲ್ಲದ, ಸಂಬಳದ ಚೀಟಿಯಿಲ್ಲದ ಗಾಯಕ ಆ ಬಾಗಿಲಲ್ಲಿ ಯಾವ ಗುರುತು ತೋರಿಸಬೇಕು?

ಇದಕ್ಕೆ ಪರಿಹಾರ ಸರಳವಾದದ್ದು: ಒಂದು ತುಂಡು ಕಾಗದ. ಗಾಯಕನ ಹೆಸರು, ದಿನಾಂಕ, ಸ್ಥಳ, ಆರಂಭ ಮತ್ತು ಮುಕ್ತಾಯದ ಸಮಯ, ಒಪ್ಪಿದ ಮೊತ್ತ, ಪಡೆದ ಮುಂಗಡ, ಕರೆಸಿದವರ ರುಜು. ಕಲ್ಯಾಣ ಮಂಟಪಗಳು ಇಂತಹ ರಸೀದಿ ಪುಸ್ತಕವೊಂದನ್ನು ಇಡಲಿ. ವರ್ಷಕ್ಕೆ ಇಂತಿಷ್ಟು ರಸೀದಿ ತೋರಿಸಿದವರನ್ನು ಕಲ್ಯಾಣ ಮಂಡಳಿ ನೋಂದಾಯಿಸಿಕೊಳ್ಳಲಿ. ಇದರಿಂದ ಸರ್ಕಾರದ ಬೊಕ್ಕಸಕ್ಕೆ ಹೇಳಿಕೊಳ್ಳುವಂತಹ ಹೊರೆಯಾಗದು.

ಕಲೆಗೆ ರಸೀದಿ ಎಂಥದು, ಇಷ್ಟೆಲ್ಲ ಕೇಳಿದರೆ ಜನ ಗಾಯಕನನ್ನು ಬಿಟ್ಟು ಧ್ವನಿಮುದ್ರಿಕೆಯನ್ನೇ ಹಾಕಿಕೊಳ್ಳುವುದಿಲ್ಲವೇ ಎಂದು ಕೆಲವು ಹಿರಿಯ ಗಾಯಕರೇ ಆತಂಕ ಪಡುತ್ತಾರೆ. ಅದನ್ನು ತಳ್ಳಿಹಾಕಲಾರೆ. ಆದರೆ ಅದೇ ಮಂಟಪದಲ್ಲಿ ಶಾಮಿಯಾನದವರು ಬಿಲ್ಲು ಕೊಡುತ್ತಾರೆ, ಅಡುಗೆ ಗುತ್ತಿಗೆದಾರರು ಮುಂಗಡ ಬರೆಸಿಕೊಳ್ಳುತ್ತಾರೆ. ಅದರಿಂದ ಊಟದ ರುಚಿ ಕೆಟ್ಟಿತೆಂದು ಯಾರೂ ದೂರಿಲ್ಲ. ಜೀವಂತ ಗಾಯಕನನ್ನು ಕರೆಸುವವರು ಬಯಸುವುದು ತಮ್ಮ ಮುಖ ನೋಡಿ ಹಾಡು ಬದಲಿಸುವ ಮನುಷ್ಯನನ್ನು. ಧ್ವನಿಮುದ್ರಿಕೆಗೆ ಅದು ಸಾಧ್ಯವಿಲ್ಲ. ಆ ಮನುಷ್ಯನ ದುಡಿಮೆಗೆ ಒಂದು ಸಹಿ ಹಾಕುವ ಔದಾರ್ಯವನ್ನು ಕರೆಸುವವರು ತೋರಲಿ, ಆ ಸಹಿಗೆ ಬೆಲೆ ಕೊಡುವ ಹೊಣೆಯನ್ನು ಸರ್ಕಾರ ಹೊರಲಿ.