ಶಿಶುಶಿಕ್ಷಣ: ಚಿತ್ರಪುಸ್ತಕವೂ ಅರ್ಥಗ್ರಹಣವೂ

ತಮ್ಮ ಮಗುವು ಪುಸ್ತಕವನ್ನು ಗಡಗಡನೆ ಓದುವುದೆಂದು ಹಿಗ್ಗುವ ಗೃಹಸ್ಥರನ್ನು ನಾವು ಬಹುಮಂದಿಯನ್ನು ಕಂಡಿರುವೆವು. ಕನ್ನಡವನ್ನು ಬರೆದಂತೆಯೇ ಓದಬಹುದಾದುದರಿಂದ, ಅರಿಯದ ಮಾತನ್ನೂ ಮಗುವು ತಡೆಯಿಲ್ಲದೆ ಉಚ್ಚರಿಸಿಬಿಡುವುದು, ಕೇಳುವವರು ಮೋಸಹೋಗುವರು.

ಅರ್ಥವಾಯಿತೋ ಇಲ್ಲವೋ ಎಂಬುದನ್ನು ತಿಳಿಯಲು ಚಿತ್ರಪುಸ್ತಕವು ಉತ್ತಮ ಸಾಧನವು. ಪಂಚತಂತ್ರದ ಸಿಂಹ-ಮೊಲಗಳ ಕಥೆಯನ್ನೇ ತೆಗೆದುಕೊಳ್ಳಿರಿ. ಬಾವಿಯೊಳಗೆ ಇನ್ನೊಂದು ಸಿಂಹವಿದೆಯೆಂದು ಮೊಲವು ಹೇಳುವುದು. ಚಿತ್ರದಲ್ಲಿ ಸಿಂಹವು ಬಗ್ಗಿ ನೀರನ್ನು ನೋಡುತ್ತಿರುವುದು. “ಮಗೂ, ಇಲ್ಲಿ ಸಿಂಹಗಳೆಷ್ಟು?” ಎಂದು ಕೇಳಿರಿ. ಎರಡೆಂದ ಮಗುವು ಮೊಲದ ಮಾತನ್ನು ನಂಬಿತು, ಆ ಸಿಂಹದಂತೆಯೇ! ಒಂದೇ ಎಂದು ನಕ್ಕ ಮಗುವು ಕಥೆಯನ್ನು ತಿಳಿಯಿತು. ಎರಡೆಂದರೆ ಗದರಿಸಲಾಗದು, ಹಂಡೆಯ ನೀರಿನಲ್ಲಿ ಅದರ ಮುಖವನ್ನೇ ತೋರಿಸಿ, ಪುನಃ ಅದೇ ಪುಟಕ್ಕೆ ಕರೆತರತಕ್ಕದ್ದು.

ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆಯು ಬೇಕೆಂದು ತಾರ್ಕಿಕರು ಹೇಳುವರು. (ಅವರು ಪದಗಳಿಗೆ ಹೇಳಿದುದನ್ನು ನಾವು ಪುಟಗಳಿಗೆ ಎರವಲು ಪಡೆದಿರುವೆವು.) ಪುಟವನ್ನು ಮಗುಚುವ ಮುನ್ನ ಕೈಯನ್ನು ಅಡ್ಡವಿಟ್ಟು, ಮುಂದೇನಾದೀತೆಂದು ಕೇಳಿದರೆ ಅದು ತಾನಾಗಿಯೇ ಹುಟ್ಟುವುದು.

1658ರಲ್ಲಿ ಕೊಮೇನಿಯಸ್ ಪಂಡಿತನು ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದ ಲ್ಯಾಟಿನ್-ಜರ್ಮನ್ ಸಚಿತ್ರ ಪಾಠಪುಸ್ತಕದಲ್ಲಿ, ಚಿತ್ರದೊಳಗಿನ ವಸ್ತುಗಳಿಗೆ ಹಾಕಿದ ಅಂಕೆಗಳನ್ನೇ ಪಾಠದ ಪದಗಳಿಗೂ ಹಾಕಿದ್ದನು. ಮನೆಯಲ್ಲಿ ಅಂಕೆಗಳ ಕೆಲಸವನ್ನು ಮಗುವಿನ ಬೆರಳೇ ಮಾಡಲಿ.

ದಿನಕ್ಕೊಂದು ಹೊಸ ಪುಸ್ತಕವು ಬೇಡ. ಒಂದನ್ನೇ ನಾಲ್ಕಾರು ದಿನ ಓದಿಸಿ, ಬಳಿಕ ಬರಹವನ್ನು ಮುಚ್ಚಿ, ಚಿತ್ರಗಳನ್ನು ನೋಡುತ್ತ ಅಜ್ಜಿಗೆ ಕಥೆ ಹೇಳುವಂತೆ ಮಾಡಿರಿ. ಮಗುವು ಎಲ್ಲಿ ತಡವರಿಸುವುದೋ, ಮರುದಿನದ ಪಾಠವನ್ನು ಅಲ್ಲಿಂದಲೇ ತೊಡಗಬೇಕು.