ಹಳೇ ಗೋಡೆಗೆ ಸಿಮೆಂಟ್ ಏಕೆ ಒಗ್ಗದು?

ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅಣ್ಣತಮ್ಮಂದಿರ ಪಾಲಾಗಿ ಒಂದೇ ಮನೆ ಮೂರು ನಾಲ್ಕು ಸಂಸಾರಗಳಿಗೆ ಹಂಚಿಹೋಗಿರುವುದೂ ಉಂಟು. ಅಂಥ ಒಂದು ಪಾಲಿನಲ್ಲಿ ಇರುವವರಿಗೆ ಮಳೆಗಾಲ ಬಂತೆಂದರೆ ಚಿಂತೆ: ಗೋಡೆಯ ಬುಡದಲ್ಲಿ ತೇವ, ಮೂಲೆಯಲ್ಲಿ ಬೂಷ್ಟು, ಮಕ್ಕಳಿಗೆ ಬಿಡದ ಕೆಮ್ಮು. ಮೇಸ್ತ್ರಿ ಬಂದು “ಹಳೇ ಗಾರೆ ಕೆರೆದು ಸಿಮೆಂಟ್ ಮಾಡಿಬಿಡೋಣ ಸ್ವಾಮಿ” ಎನ್ನುತ್ತಾನೆ. ವರ್ಷದ ಉಳಿತಾಯವೆಲ್ಲ ಅದಕ್ಕೇ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟ್ ಉಬ್ಬಿ ಕಳಚತೊಡಗುತ್ತದೆ; ತೇವ ಮೊದಲಿಗಿಂತ ಮೇಲೇರಿರುತ್ತದೆ! ಹೀಗೇಕೆ?

ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಹೀರುತ್ತವೆ. ಸುಣ್ಣದ ಗಾರೆಯಲ್ಲಿಯೂ ರಂಧ್ರಗಳಿರುವುದರಿಂದ ಆ ನೀರು ಆವಿಯಾಗಿ ಹೊರಬೀಳುತ್ತದೆ. ಸಿಮೆಂಟಿನ ಬಿಗಿ ಪದರ (ಆಯಿಲ್ ಪೇಂಟೂ ಅಷ್ಟೇ) ಈ ದಾರಿಯನ್ನು ಮುಚ್ಚುತ್ತದೆ. ನೀರು ಇನ್ನೂ ಮೇಲಕ್ಕೆ ಏರುತ್ತದೆ. ಅದರಲ್ಲಿ ಕರಗಿದ ಲವಣಗಳು ಪದರದ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತವೆ.

ಆದ್ದರಿಂದ ಮೊದಲು ಹುಡುಕಬೇಕಾದದ್ದು ನೀರಿನ ಮೂಲವನ್ನು. ಎಲೆ ಕಟ್ಟಿಕೊಂಡ ತಾರಸಿಯ ದೋಣಿ, ಸೋರುವ ನಲ್ಲಿ ಪೈಪು, ಹೊರಗೋಡೆಗೆ ಒತ್ತಿ ಪೇರಿಸಿದ ಮಣ್ಣು – ಇವನ್ನು ಸರಿಪಡಿಸಲು ಹೆಚ್ಚು ಹಣ ಬೇಕಿಲ್ಲ. ಗೋಡೆ ಒಣಗಿದ ಮೇಲೆ ಉದುರಿದ ಕಡೆ ಮಾತ್ರ ಸುಣ್ಣದ ಗಾರೆ ಹಾಕಿಸಿ, ಸುಣ್ಣ ಬಳಿದರೆ ಸಾಕು.

ಇಲ್ಲಿ ಒಂದು ಸೊಗಸಾದ ರಸಾಯನಶಾಸ್ತ್ರವಿದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ 100 ಗ್ರಾಂ ಶುದ್ಧ ಸುಣ್ಣಕಲ್ಲಿನಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟು, 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಸುಣ್ಣವು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ವಾಪಸು ಪಡೆದು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಶಾಲೆಯಲ್ಲಿ ತಿಳಿ ಸುಣ್ಣದ ನೀರಿಗೆ ಊದಿ ಹಾಲಿನಂತಾದದ್ದನ್ನು ನೋಡಿದ್ದೀರಲ್ಲ, ಗೋಡೆಯ ಮೇಲೆ ನಡೆಯುವುದೂ ಅದೇ. ಗೂಡಿನಲ್ಲಿ ಉರಿಸಿದ ಸೌದೆಯ ಹೊಗೆ ಮಾತ್ರ ವಾಪಸು ಬರುವುದಿಲ್ಲ ಎನ್ನಿ. ಸಿಮೆಂಟಿನ ಗೂಡಿಗಾದರೋ ಸುಮಾರು 1450 ಡಿಗ್ರಿ ಬೇಕು.

ಹೊಸದಾಗಿ ಬಳಿದ ಸುಣ್ಣವು ಪ್ರಬಲ ಪ್ರತ್ಯಾಮ್ಲವಾದ್ದರಿಂದ ಬೂಷ್ಟು ಅದರ ಮೇಲೆ ಸುಲಭವಾಗಿ ಬೆಳೆಯದು. ಇದೇ ಕಾರಣಕ್ಕೆ ಅದು ಕಣ್ಣಿಗೆ ಬಿದ್ದರೆ ಬಲು ಅಪಾಯ. ಅರಳಿಸುವಾಗ ಮಕ್ಕಳು ಹತ್ತಿರ ಸುಳಿಯಕೂಡದು, ಪ್ಲಾಸ್ಟಿಕ್ ಬಕೆಟ್ ಬಳಸಲೂಬಾರದು. ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಅದನ್ನು ಪೂರ್ತಿ ಕೆರೆಯಬೇಕು. ನಂತರ ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಮೂರು ನಾಲ್ಕು ಸಲ, ಪ್ರತಿ ಸಲವೂ ಹಿಂದಿನದು ಒಣಗಿದ ಮೇಲೆ ಬಳಿಯಬೇಕು. ಬಿರುಬಿಸಿಲಿನಲ್ಲಿ ಬಳಿದರೆ ಬೇಗ ಒಣಗಿ, ಒರಗಿದವರ ಬೆನ್ನಿಗೆಲ್ಲ ಬಿಳಿ ಪುಡಿ ಅಂಟುತ್ತದೆ.